ಹೊಲಿದು ಕಳಿಸಿದ ಮೂಟೆ

ಅಂಗಡಿ ಖಾಲಿ ಮಾಡುವುದೆಂದರೆ ಏನೆಂದು ಖಾಲಿ ಮಾಡಿದವರಿಗೇ ಗೊತ್ತು. ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಕೂತು ಪುಸ್ತಕಗಳಿಗೆ ಬೈಂಡು ಹಾಕಿದ್ದೇವೆ, ನಾನು ಮತ್ತು ನನ್ನ ನಾದಿನಿ. ಹೊಲಿಗೆ ಅವಳದು, ಅಂಟು ಹಚ್ಚುವುದು ಮತ್ತು ಅಂಚು ಕತ್ತರಿಸುವುದು ನನ್ನದು. ಈಗ ಅಂಗಡಿಯೂ ನಮ್ಮಿಬ್ಬರ ಬೇರೆ ಬೇರೆ ವಾಸದ ಕೋಣೆಗಳೂ ಇದ್ದ ಕಟ್ಟಡ ಯಾರಿಗೋ ಮಾರಾಟವಾಗಿತ್ತು. ಗುರುವಾರದೊಳಗೆ ಜಾಗ ಬಿಡಬೇಕು, ಶುಕ್ರವಾರ ಬೆಳಿಗ್ಗೆ ಗೆದ್ದಲಿಗೆ ಔಷಧಿ ಹೊಡೆಯುವವರು ಬಂದು ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚುತ್ತಾರೆ ಎಂದು ನೋಟೀಸು ಬಂತು. ಜಗಳ ಆಡುವಷ್ಟು ಕಸುವು ನನ್ನಲ್ಲಿ ಉಳಿದಿರಲಿಲ್ಲ. ಮಂಡಿ ನೋವು, ಸೊಂಟ ನೋವು, ಅಂಟಿನ ಬಕೆಟ್ಟು ಎತ್ತಿ ಎತ್ತಿ ಸೋತ ಮಣಿಕಟ್ಟು. ಸರಿ, ಬಿಡುತ್ತೇವೆ ಎಂದೆ.

ಮಗಳು ತನ್ನ ಮನೆಗೆ ಕರೆದಿದ್ದಳು. ಐದನೇ ಮಹಡಿ, ಲಿಫ್ಟು ಇದೆ, ನನಗೇ ಅಂತ ಒಂದು ಕೋಣೆ ಇದೆ. ನಮ್ಮ ಅಂಗಡಿಯ ಬೆಕ್ಕಿಗೆ ಮಾತ್ರ ಜಾಗವಿಲ್ಲ. ಆ ಕಟ್ಟಡದಲ್ಲಿ ಪ್ರಾಣಿ ಸಾಕಬಾರದಂತೆ.

"ಅಮ್ಮಾ, ಅದು ಬೀದೀಲಿ ಹುಟ್ಟಿದ್ದು, ಬೀದೀಲೇ ಬದುಕ್ಕೊಳ್ಳುತ್ತೆ ಬಿಡು" ಎಂದಳು ಫೋನಿನಲ್ಲಿ.

ನಾದಿನಿ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಬಾಡಿಗೆ ಕೋಣೆ ಹಿಡಿದಿದ್ದಳು. "ಅತ್ತಿಗೆ, ನನ್ ಜೊತೆನೇ ಬಂದ್ಬಿಡಿ" ಎಂದು ಎರಡು ಸಲ ಹೇಳಿದಳು. ಮೂವತ್ತೊಂದು ವರ್ಷ ಹಗಲಿಡೀ ಅವಳ ಮಾತು ಕೇಳಿದ್ದೇನೆ, ಇನ್ನು ಉಳಿದ ಹೊತ್ತೂ ಕೇಳಬೇಕೇ ಎಂದು ನಾನು ಜಾರಿಕೊಂಡೆ. ಬೆಕ್ಕನ್ನಾದರೂ ನೀನು ಇಟ್ಟುಕೋ ಎಂದಾಗ ಅವಳು ಎರಡೂ ಕೈ ಎತ್ತಿ ಮುಗಿದಳು.

"ನಂಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ಬೇಡ್ರಪ್ಪ, ನಿಮ್ ದಮ್ಮಯ್ಯ."

ಹಾಗಾಗಿ ಬೆಕ್ಕಿನ ಚಿಂತೆ ನನ್ನ ತಲೆಯ ಮೇಲೇ ಉಳಿಯಿತು.

ಬೈಂಡಿಂಗ್ ಅಂಗಡಿಗೆ ಬೆಕ್ಕು ಬೇಕೇ ಬೇಕು. ನಮ್ಮ ಅಂಟು ಮೈದಾಹಿಟ್ಟಿನದು. ಎಷ್ಟು ಮೈಲುತುತ್ತ ಕಲಸಿದರೂ ಇಲಿಗಳು ಅದನ್ನು ಬಿಡುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ನಲವತ್ತು ಪುಸ್ತಕಗಳ ಬೆನ್ನು ಮಾಯವಾಗಿದ್ದನ್ನು ಕಂಡವಳು ನಾನು. ಅಂದಿನಿಂದ ಒಂದರ ಹಿಂದೆ ಒಂದು ಬೆಕ್ಕು ಇದ್ದೇ ಇತ್ತು. ಒಂದಕ್ಕಾದರೂ ಭಯ ಎನ್ನುವುದು ಗೊತ್ತಿರಲಿಲ್ಲ.

ಮೊದಲನೆಯವನು ರಟ್ಟು. ಬೂದು ಬಣ್ಣ, ದಪ್ಪ ಕತ್ತು, ಎಡಗಿವಿ ಅರ್ಧ ಮಾತ್ರ. ಉಳಿದರ್ಧ ಯಾವ ಬೀದಿಯ ಯಾವ ಜಗಳದಲ್ಲಿ ಹೋಯಿತೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಮಲಗಿದ ಪುಸ್ತಕದ ಅಟ್ಟಿಯನ್ನು ಅವನು ಏಳುವವರೆಗೆ ಮುಟ್ಟುವಂತಿರಲಿಲ್ಲ. ಒಮ್ಮೆ ಶಾಲೆಯ ಹಾಜರಿ ಪುಸ್ತಕಗಳ ಮೇಲೆ ಪವಡಿಸಿಬಿಟ್ಟ. ಒಯ್ಯಲು ಬಂದ ಹೆಡ್‌ಮಾಸ್ಟರು "ಏಯ್, ಏಳೋ ಮೇಲೆ" ಎಂದು ಕೊಡೆಯ ತುದಿಯಿಂದ ತಿವಿದರು. ರಟ್ಟು ಒಂದೇ ಕಣ್ಣು ತೆರೆದು, ಕೊಡೆಯ ಬಟ್ಟೆಯನ್ನು ಮೇಲಿಂದ ಕೆಳಗಿನವರೆಗೆ ಸೀಳಿ, ಮತ್ತೆ ಮಲಗಿದ. ಇಡೀ ಶಾಲೆಯನ್ನು ನಡುಗಿಸುತ್ತಿದ್ದ ಆ ಮನುಷ್ಯ ಎರಡು ಗಂಟೆ ಪಿಟ್ಟೆನ್ನದೆ ಬೆಂಚಿನ ಮೇಲೆ ಕೂತು ಕಾದರು. ಆಗಿನ್ನೂ ನಮ್ಮ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದ ನನ್ನ ಗಂಡ ಅವರಿಗೆ ಎರಡು ಸಲ ಚಹಾ ಮಾಡಿಕೊಟ್ಟರು.

ಎರಡನೆಯವಳು ದಬ್ಬಣ. ಸಣಕಲು, ಕಪ್ಪು ಬಿಳಿ. ಎದುರಿನ ಬೀಗ ರಿಪೇರಿಯವನ ನಾಯಿ ಒಂದು ದಿನ ಅವಳ ಮರಿಗಳನ್ನು ಮೂಸಲು ಒಳಗೆ ಮೂತಿ ತೂರಿಸಿತು. ದಬ್ಬಣ ಅದರ ಬೆನ್ನೇರಿ, ನಾಲ್ಕೂ ಪಾದದ ಉಗುರು ಊರಿ, ಬೀದಿಯ ಕೊನೆಯವರೆಗೆ ಸವಾರಿ ಮಾಡಿ, ಅಲ್ಲಿ ಇಳಿದು, ಏನೂ ಆಗದವಳಂತೆ ನಡೆದುಕೊಂಡು ಬಂದಳು. "ನಿಮ್ ಬೆಕ್ಕಿಂದ ನನ್ ನಾಯಿ ಮಾನ ಹೋಯ್ತಲ್ರೀ" ಎಂದು ಬೀಗದವನು ವಾರಗಟ್ಟಲೆ ಗೊಣಗಿದ. ದಬ್ಬಣ ಹೋದಾಗ ನಾನು ಎರಡು ದಿನ ಅಂಗಡಿ ತೆರೆಯಲಿಲ್ಲ.

ಕೊನೆಯವಳು ಚೂರಿ. ಅಂಗೈಯಗಲದ ಮರಿಯಾಗಿ ಬಂದ ದಿನವೇ ನನ್ನ ಗಂಡನ ಹೆಬ್ಬೆರಳಿಗೆ ಹಲ್ಲು ಊರಿದಳು. ಅವರು ರಕ್ತ ಒರೆಸಿಕೊಳ್ಳುತ್ತಾ "ಇವಳು ಇರ್ಲಿ, ಕೆಲ್ಸಕ್ಕೆ ಬರ್ತಾಳೆ" ಎಂದರು. ಬಂದಳು. ಹೆಗ್ಗಣವನ್ನೂ ಬಿಡುತ್ತಿರಲಿಲ್ಲ. ಆದರೆ ಮೈ ಮುಟ್ಟಲು ಜಪ್ಪಯ್ಯ ಅಂದರೂ ಬಿಡುವವಳಲ್ಲ. ಅವರು ತೀರಿಕೊಂಡಾಗ ಅವರ ಸ್ಟೂಲಿನ ಮೇಲೆ ಒಂದು ತಿಂಗಳು ಕೂತಳು, ಮಾತಾಡಿಸಲು ಬಂದ ನೆಂಟರಲ್ಲಿ ಒಬ್ಬರನ್ನೂ ಅಲ್ಲಿ ಕೂರಲು ಬಿಡಲಿಲ್ಲ. ಒಂದು ಮಧ್ಯಾಹ್ನ ನನಗೆ ಅಳು ತಡೆಯಲಾರದೆ ಅವಳನ್ನು ಎತ್ತಿಕೊಳ್ಳಲು ಹೋದೆ. ಮೊಣಕೈವರೆಗೆ ಗೀರಿದಳು. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಅವಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕೆಂದು ನನಗೆ ಬಹಳ ಆಸೆಯಿತ್ತು. ಅವಳು ಕ್ಯಾರೇ ಅನ್ನಲಿಲ್ಲ.

ಈಚೆಗೆ ಅವಳಿಗೂ ವಯಸ್ಸಾಗಿತ್ತು. ಕಿವಿ ಮಂದ. ಹಗಲೆಲ್ಲ ಕಟಿಂಗ್ ಮಷಿನ್ನಿನ ಪಕ್ಕ ಬೀಳುವ ಕಾಗದದ ಚೂರಿನ ರಾಶಿಯಲ್ಲಿ ಕತ್ತಿನವರೆಗೆ ಹೂತುಕೊಂಡು ಮಲಗುತ್ತಿದ್ದಳು. ನನ್ನ ಹಾಗೆಯೇ ದಣಿದಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಮಂಗಳವಾರ ಆ ರಾಶಿಯನ್ನೆಲ್ಲ ಮೂಟೆ ಮಾಡಿದೆವು. ಬೇರೆ ಯಾರಾದರೂ ಗೋಣಿಚೀಲಕ್ಕೆ ತುಂಬಿ ಬಾಯಿಗೊಂದು ಹಗ್ಗ ಬಿಗಿಯುತ್ತಾರೆ. ನನ್ನ ನಾದಿನಿ ಹಾಗಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಹೊಲಿಯುವುದು ಅವಳ ಜಾಯಮಾನ. ಹರಿದ ಚಪ್ಪಲಿ, ಕಿತ್ತ ಪರದೆ, ಒಮ್ಮೆ ನನ್ನ ಗಂಡ ಮಲಗಿದ್ದಾಗ ಅವರ ಅಂಗಿಯ ಗುಂಡಿಯನ್ನು ಅವರನ್ನು ಎಬ್ಬಿಸದೆ ಹೊಲಿದಿದ್ದಳು. ಮೂಟೆಯ ಬಾಯನ್ನೂ ಪುಸ್ತಕ ಹೊಲಿಯುವ ಹಾಗೆಯೇ, ಮೂರು ತೂತಿಗೊಂದು ಗಂಟು ಹಾಕಿ, ಮೇಣದ ದಾರದಲ್ಲಿ ಎರಡು ಸುತ್ತು ಹೊಲಿದಳು.

"ಹಗ್ಗ ಕಟ್ಟಿದ್ರೆ ದಾರಿಯೆಲ್ಲ ಚೆಲ್ಲುತ್ತೆ ಅತ್ತಿಗೆ. ಇದ್ರಿಂದ ಒಂದು ಎಳೆ ಆಚೆ ಬರ್ಲಿ ನೋಡೋಣ" ಎಂದಳು.

ಐದು ಮೂಟೆಯಾಯಿತು. ಮಧ್ಯಾಹ್ನ ರದ್ದಿ ಕಾಗದದವರ ಗಾಡಿ ಬಂದು ಹೇರಿಕೊಂಡು ಹೋಯಿತು.

ಸಂಜೆ ಊಟದ ಹೊತ್ತಿಗೆ ಚೂರಿ ಬರಲಿಲ್ಲ. ತಟ್ಟೆಯಲ್ಲಿ ಹಾಕಿದ ಮೀನು ಹಾಗೇ ಇತ್ತು. ನಾದಿನಿ ಬೀದಿಗೆ ಹೋಗಿ ಎರಡು ಸಲ ಕೂಗಿದಳು. ನಾನು ಏಳಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ: ಆ ಗಳಿಗೆ ನನಗೆ ಹಗುರವಾಯಿತು. ಅವಳೇ ಬಿಟ್ಟು ಹೋದಳು, ಬಿಡುವ ಕಷ್ಟ ನನಗೆ ತಪ್ಪಿತು ಎನಿಸಿತು.

"ನಾಳೆ ಹುಡುಕೋಣ್ವಾ ಅತ್ತಿಗೆ?"

"ಬಿಡೇ. ಸಾಮಾನು ಎತ್ತೋದು ನೋಡಿ, ತಾನೇ ಬೇರೆ ಜಾಗ ನೋಡ್ಕೊಂಡಿರ್ತಾಳೆ. ಅವಳಿಗೇನು, ಎಲ್ ಹೋದ್ರೂ ರಾಣಿ."

ಬುಧವಾರ ಬೆಳಗಿನಿಂದ ರಟ್ಟಿನ ಹಾಳೆ ಕಟ್ಟಿದೆವು, ಬೆನ್ನಿಗೆ ಹಾಕುವ ಬಟ್ಟೆಯ ಸುರುಳಿಗಳನ್ನು ಸುತ್ತಿದೆವು. ಮೀನಿನ ತಟ್ಟೆಗೆ ಇರುವೆ ಹತ್ತಿತ್ತು. ನಾನು ಅದನ್ನು ತೊಳೆದು ಪೆಟ್ಟಿಗೆಗೆ ಹಾಕಿದೆ. ನಾಲ್ಕು ಗಂಟೆಯ ಸುಮಾರಿಗೆ ಮಷಿನ್ನಿನ ಪಕ್ಕದ ಮೂಲೆ ಗುಡಿಸುತ್ತಿದ್ದ ನಾದಿನಿ ಪೊರಕೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಅತ್ತಿಗೆ, ಮೂಟೆ ಹೊಲಿವಾಗ ಒಂದು ಅಲ್ಲಾಡ್ತು."

"ಏನಂದೆ?"

"ಒಂದು ಮೂಟೆ ಅಲ್ಲಾಡ್ತು. ಕಾಗದದ ಚೂರು ಕೆಳಗಿಳೀತಿದೆ ಅಂದ್ಕೊಂಡೆ. ರಾಶಿ ಮೊರದಲ್ಲಿ ತುಂಬೋದು ಬೇಜಾರಾಗಿ, ಒಂದು ಸಲ ಎರಡೂ ಕೈಲಿ ಬಾಚಿ ಹಾಕಿದ್ದೆ. ಅತ್ತಿಗೆ, ನಾನು ಅವಳನ್ನ ಒಳಗಿಟ್ಟು ಹೊಲಿದ್ಬಿಟ್ಟೆ."

ನಾನು ಹೊತ್ತು ಎಣಿಸಿದೆ. ಮಂಗಳವಾರ ಮಧ್ಯಾಹ್ನದಿಂದ ಬುಧವಾರ ಸಂಜೆ. ಒಂದು ದಿನ ಮತ್ತು ಮೇಲೆ. ನೀರಿಲ್ಲದೆ, ಬಾಯಿಗೆ ಮೂಗಿಗೆ ಕಾಗದ ತುಂಬಿಕೊಂಡು.

ಬಸ್ಸಿನಲ್ಲಿ ಹೋದೆವು. ನಾದಿನಿ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ನನ್ನ ಕೈ ಮುರಿಯಾ, ನನ್ನ ಸೂಜಿ ಮುರಿಯಾ ಎನ್ನುತ್ತಿದ್ದಳು. ಅವಳು ಮಾಡಿದ್ದು ತಿಳಿಯದೆ. ನಾನು ಹಾಯಾಗಿ ಕೂತಿದ್ದು ತಿಳಿದೇ.

ರದ್ದಿಯವರ ಗೋದಾಮಿನಲ್ಲಿ ಮೂಟೆಗಳು ಸೂರಿನವರೆಗೆ ಏರಿದ್ದವು. ಗೋದಾಮಿನ ಯಜಮಾನ ಬಾಗಿಲಿಗೆ ಬೀಗ ಹಾಕುತ್ತಿದ್ದ. ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡ.

"ಏನಮ್ಮಾ ಇದು, ಇನ್ನೂರು ಮೂಟೆ ಇದೆ. ಬೆಳಿಗ್ಗೆ ಆರಕ್ಕೆ ಲಾರಿ ಬರುತ್ತೆ. ಕಾಗದದ ಮಿಲ್ಲಲ್ಲಿ ನೇರ ತೊಟ್ಟಿಗೆ ಸುರೀತಾರೆ. ಯಾವ್ದು ನಿಮ್ದು ಅಂತ ಹೇಗೆ ಹುಡುಕ್ತೀರಿ?"

"ಬಾಯಿ ಹೊಲಿದಿರೋದು ನಮ್ದು. ಮಿಕ್ಕಿದ್ದೆಲ್ಲ ಹಗ್ಗ ಕಟ್ಟಿರುತ್ತೆ" ಎಂದಳು ನಾದಿನಿ.

ಅವನು ನಮ್ಮಿಬ್ಬರ ಮುಖ ನೋಡಿ, ಬೀಗ ತೆಗೆದು, ಅಂಗಿಯ ತೋಳು ಮಡಚಿದ. ಒಳ್ಳೆಯ ಮನುಷ್ಯ, ಅವನು ತಾನಾಗಿ ಎತ್ತದೇ ಹೋಗಿದ್ದರೆ ನಮ್ಮ ಕೈಯಲ್ಲಿ ಆಗುತ್ತಿರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಮೂರು ಸಿಕ್ಕಿದವು. ನಾದಿನಿ ತನ್ನ ಹೊಲಿಗೆಯನ್ನು ತಾನೇ ಕತ್ತರಿಸಿದಳು. ಅದು ಅಷ್ಟು ಗಟ್ಟಿಯಾಗಿತ್ತೆಂದರೆ ಕತ್ತರಿಯ ಹಿಡಿ ಒತ್ತಿ ಅವಳ ಬೆರಳಲ್ಲಿ ಬೊಬ್ಬೆ ಬಂತು. ಮೊದಲಿನದರಲ್ಲಿ ಚೂರು, ಎರಡನೆಯದರಲ್ಲಿ ಚೂರು. ಮೂರನೆಯದರಲ್ಲಿಯೂ ಮೊಣಕೈವರೆಗೆ ಕೈ ಹಾಕಿ ತಡಕಿದೆ, ಏನಿಲ್ಲ.

ನಾಲ್ಕನೆಯದು ಗೋಡೆಗೆ ಒತ್ತಿಕೊಂಡು ಎಲ್ಲಕ್ಕಿಂತ ಕೆಳಗಿತ್ತು. ಎಳೆದು ತಿರುಗಿಸಿದಾಗ ಗೋಡೆಯ ಕಡೆಯ ಮಗ್ಗುಲಲ್ಲಿ ಗೋಣಿ ಹರಿದಿತ್ತು. ಹೊರಗಿನಿಂದಲ್ಲ, ಒಳಗಿನಿಂದ. ನನ್ನ ಎರಡು ಮುಷ್ಟಿ ಹೋಗುವಷ್ಟು ದೊಡ್ಡ ತೂತು. ಇಡೀ ಮೂಟೆಯಲ್ಲಿ ದಾರಿ ಮಾಡಿಕೊಂಡು ಬಂದವಳಿಗೆ ಎದುರಾದದ್ದು ಇಟ್ಟಿಗೆಯ ಗೋಡೆ. ಅದನ್ನೂ ಕೆರೆದಿದ್ದಳು. ಸುಣ್ಣ ಕಿತ್ತು ಬಂದಿತ್ತು, ಕೆಂಪು ಗೀರುಗಳಿದ್ದವು, ಎಲ್ಲವೂ ಇಟ್ಟಿಗೆಯ ಬಣ್ಣವಲ್ಲ.

ತೂತಿನೊಳಗೆ ಕೈ ಹಾಕಿದೆ. ಬಿಸಿ ತಾಗಿತು.

"ಇದಾಳೆ" ಎಂದೆ. ನಾದಿನಿ ನೆಲದ ಮೇಲೆ ಕುಸಿದು ಗೊಳೋ ಎಂದು ಅತ್ತಳು.

ಹೊರಗೆ ತೆಗೆದೆ. ಉಗುರುಗಳಲ್ಲಿ ಅರ್ಧಕ್ಕರ್ಧ ಇರಲಿಲ್ಲ. ಬಾಯಿಯ ಸುತ್ತ ಕಾಗದದ ಹಿಟ್ಟು ಮೆತ್ತಿತ್ತು. ಗೋದಾಮಿನವನು ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದ. ನಾಲ್ಕು ಮುಚ್ಚಳ ನೆಕ್ಕಿದಳು. ಅವಳಿಗೆ ನನ್ನ ಗುರುತು ಸಿಕ್ಕಿದ್ದೇ ಗೀರುತ್ತಾಳೆ ಎಂದು ನಾನು ಮುಖ ಹಿಂದೆ ಸರಿಸಿಕೊಂಡು ಕಾದೆ. ಕಣ್ಣು ತೆರೆದಳು, ನೋಡಿದಳು, ಗುರುತು ಹಿಡಿದಳು. ಆಮೇಲೆ ನನ್ನ ತೋಳಿನ ಮೇಲೆ ಗದ್ದ ಇಟ್ಟು ಸುಮ್ಮನಾದಳು.

"ನೋಡಿ ಅತ್ತಿಗೆ, ಕೊನೆಗೂ ನಿಮ್ ಹತ್ರ ಬಂದ್ಳು" ಎಂದಳು ನಾದಿನಿ, ಅಳುತ್ತಲೇ ನಗುತ್ತಾ.

ನನಗೆ ನಗು ಬರಲಿಲ್ಲ. "ಪರಚೇ" ಎಂದೆ ಅವಳ ಕಿವಿಯಲ್ಲಿ. "ಒಂದು ಸಲ ಪರಚು, ಏನಾದ್ರೂ ಮಾಡು." ಅವಳ ಮೈ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು.

ಮರುದಿನ ಪಶುವೈದ್ಯೆ ನೋಡಿದಳು. ಮೂಳೆ ಮುರಿದಿಲ್ಲ, ಪಾದಗಳು ವಾಸಿಯಾಗುತ್ತವೆ, ಉಗುರುಗಳ ವಿಷಯ ಹೇಳಲಾಗುವುದಿಲ್ಲ ಎಂದಳು. ವಯಸ್ಸಾಗಿದೆ, ಈ ಹೆದರಿಕೆ ಅವಳ ಮನಸ್ಸಿನಿಂದ ಹೋಗಲಿಕ್ಕಿಲ್ಲ ಎಂದೂ ಹೇಳಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತೇ ಮಗಳಿಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ. ಒಂದು ಬೆಕ್ಕಿಗೋಸ್ಕರ ಇಷ್ಟೆಲ್ಲಾನಾ ಅಮ್ಮಾ ಎಂದಳು. ಹೌದು ಎಂದೆ, ಬೇರೆ ವಿವರಣೆ ಕೊಡಲು ತ್ರಾಣವಿರಲಿಲ್ಲ. ಎಣ್ಣೆ ಸೀಗೆಕಾಯಿ ಎಂದವಳು ಅದಾಗಲೇ ತನ್ನ ಕೋಣೆಯಲ್ಲಿ ಹಳೆಯ ಸೀರೆ ಮಡಚಿ ನಾಲ್ಕು ಪದರದ ಹಾಸಿಗೆ ಹೊಲಿಯುತ್ತಿದ್ದಳು.

ಈಗ ಎರಡು ತಿಂಗಳಾಯಿತು. ಒಂದೇ ಕೋಣೆ, ಎರಡು ಮಂಚ. ನಾದಿನಿ ದಿನವಿಡೀ ಮಾತಾಡುತ್ತಾಳೆ, ನಾನು ಹೂಂ ಎನ್ನುತ್ತೇನೆ. ಚೂರಿ ದಿನವಿಡೀ ನನ್ನ ಮಡಿಲಲ್ಲಿರುತ್ತಾಳೆ. ಇಳಿಸಿದರೆ ಬಂದು ಮತ್ತೆ ಹತ್ತುತ್ತಾಳೆ. ಗೋಡೆಯ ಹತ್ತಿರ ಒಬ್ಬಳೇ ಬಿಟ್ಟರೆ ನಡುಗುತ್ತಾಳೆ. ಮೊನ್ನೆ ಒಂದು ಇಲಿ ಅವಳ ಮುಂದೆಯೇ ಹಾದುಹೋಯಿತು, ನೋಡಿ ಮುಖ ತಿರುಗಿಸಿದಳು.

ನಿನ್ನೆ ಪಕ್ಕದ ಕೋಣೆಯಾಕೆ ಪರಿಚಯ ಮಾಡಿಕೊಳ್ಳಲು ಬಂದಳು. ನನ್ನನ್ನು ಕೇಳದೆಯೇ ಬಗ್ಗಿ ಚೂರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡಳು. ಚೂರಿ ಅಲ್ಲಾಡಲಿಲ್ಲ.

"ಎಷ್ಟು ಒಳ್ಳೇ ಬೆಕ್ಕಪ್ಪ! ಯಾರು ಎತ್ಕೊಂಡ್ರೂ ಸುಮ್ನಿರುತ್ತಲ್ಲ" ಎಂದಳು.

"ಕೆಳಗಿಡಿ ಅವಳನ್ನ" ಎಂದೆ. ದನಿ ನಾನು ಎಣಿಸಿದ್ದಕ್ಕಿಂತ ಜೋರಾಗಿತ್ತು. ಆಕೆ ಬೆಪ್ಪಾಗಿ ಚೂರಿಯನ್ನು ನನ್ನ ಕೈಗೆ ಕೊಟ್ಟು ಹೋದಳು.

"ಪಾಪ, ಅವರೇನು ಮಾಡಿದ್ರು ಅಂತ ಹಾಗೆ ರೇಗಿದ್ರಿ ಅತ್ತಿಗೆ?" ಎಂದಳು ನಾದಿನಿ.

ಆಕೆ ಏನೂ ಮಾಡಿರಲಿಲ್ಲ. ಮಾಡಿದವಳು ನಾನು, ಅವಳು ಹೋದದ್ದೇ ಹಗುರವೆಂದು ಒಂದು ಇಡೀ ದಿನ ಹುಡುಕದೆ ಕೂತು. ಅದನ್ನು ನಾದಿನಿಗೆ ಇನ್ನೂ ಹೇಳಿಲ್ಲ. ತಪ್ಪೆಲ್ಲ ತನ್ನ ಹೊಲಿಗೆಯದೇ ಎಂದು ಅವಳು ಇವತ್ತಿಗೂ ಅಳುತ್ತಾಳೆ, ನಾನು ಅವಳನ್ನು ಸಮಾಧಾನ ಮಾಡುತ್ತೇನೆ.