ಎಂಜಿನ್‌ಗೆ ಬಲ ಕೊಟ್ಟರು, ಟಾರ್ಕ್ ಕನ್ವರ್ಟರ್ ಸುಟ್ಟರು

ಗಾಡಿ ನಡುಗುತ್ತಿದೆ ಎಂದು ಹೆಂಡತಿ ಮೂರು ವಾರದ ಹಿಂದೆಯೇ ಹೇಳಿದ್ದಳು. ರಸ್ತೆ ಸರಿಯಿಲ್ಲ ಎಂದು ಗಂಡ ಉತ್ತರ ಕೊಟ್ಟಿದ್ದ. ಹೊಸ ಡಾಂಬರಿನ ಮೇಲೂ ಅದೇ ನಡುಕ ಬಂದಾಗ ಟೈರನ್ನು ದೂರಿದ. ಟೈರು ಬದಲಿಸಿದ ಮೇಲೂ ಬಂದಾಗ ರೇಡಿಯೊದ ಸದ್ದು ಹೆಚ್ಚಿಸಿದ.

ಹೆಂಡತಿ ಕಣ್ಣು ಪರೀಕ್ಷಿಸಿ ಕನ್ನಡಕ ಮಾಡಿಕೊಡುವವಳು. ಆಕೆಯ ಅಂಗಡಿ ಇರುವುದು ನಾಲ್ಕು ಚಕ್ರದ ಟ್ರೇಲರ್ ಒಳಗೆ. ಒಂದು ಕುರ್ಚಿ, ಅಕ್ಷರಗಳ ಫಲಕ, ಮಸೂರಗಳ ಡ್ರಾಯರು, ಮಸೂರ ಉಜ್ಜುವ ಯಂತ್ರ, ಗದ್ದ ಊರಿ ಕೂರುವ ಪರೀಕ್ಷಾ ಯಂತ್ರ. ಎಲ್ಲ ಸೇರಿ ಎರಡು ಟನ್ನಿಗೆ ಸ್ವಲ್ಪ ಕಡಿಮೆ. ಅದನ್ನು ಎಳೆಯುವುದು ಆಟೊಮ್ಯಾಟಿಕ್ ಗೇರಿನ ಡೀಸೆಲ್ ಎಸ್‌ಯುವಿ. ಓಡಿಸುವವನು ಗಂಡ. ಬೆಟ್ಟದ ಮೇಲಿನ ಮೂರು ಶಾಲೆಗಳ ಮಕ್ಕಳ ಕಣ್ಣು ಪರೀಕ್ಷಿಸುವ ಕೆಲಸ ಈ ವರ್ಷ ಇವರಿಗೆ ಸಿಕ್ಕಿತ್ತು. ಒಂದು ಶಾಲೆ ತಪ್ಪಿದರೂ ಮೂರೂ ಬೇರೆಯವರ ಪಾಲು ಎಂದು ಒಪ್ಪಂದದಲ್ಲಿ ಬರೆದಿತ್ತು.

ಬೆಟ್ಟ ಹತ್ತಬೇಕಲ್ಲ ಎಂದೇ ಗಂಡ ಎಂಜಿನ್ನಿನ ಬಲ ಹೆಚ್ಚಿಸುವ ಟ್ಯೂನಿಂಗ್ ಅಂಗಡಿಗೆ ಹೋಗಿದ್ದ. ಆ ಅಂಗಡಿಯವನಿಗೆ ಊರಿನ ಡ್ರೈವರುಗಳು ಇಟ್ಟ ಹೆಸರು ಲ್ಯಾಪ್‌ಟಾಪ್ ಗುರು. ಆತನ ಕೈಗೆ ಗ್ರೀಸ್ ಮೆತ್ತಿದ್ದನ್ನು ಕಂಡವರಿಲ್ಲ. ಸ್ಟೀರಿಂಗ್ ಕೆಳಗೆ ಒಂದು ವೈರು ಸಿಕ್ಕಿಸಿ, ಇಪ್ಪತ್ತು ನಿಮಿಷ ಕೀಲಿ ಒತ್ತಿ, ಎಂಜಿನ್ನಿನ ಎಳೆತ ಮೂರನೇ ಒಂದರಷ್ಟು ಹೆಚ್ಚಿದೆ ಎಂದು ಬಣ್ಣದ ಗ್ರಾಫ್ ಕೈಗಿತ್ತ. ಹಿಂದೆ ಏನು ಕಟ್ಟಿಕೊಂಡು ಎಳೆಯುತ್ತೀರಿ ಎಂದು ಕೇಳಲಿಲ್ಲ. ಗೇರ್‌ಬಾಕ್ಸಿನ ಮಾತು ಬಂದಾಗ, ಅದರ ಆಯಿಲ್ ಗಾಡಿ ಇರುವ ತನಕ ಬದಲಿಸಬೇಕಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದ.

ಮೂರು ಬೀದಿ ಆಚೆ ಗಂಡನ ಅಕ್ಕ ಇದ್ದಳು. ಇಪ್ಪತ್ತೆರಡು ವರ್ಷದಿಂದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದೇ ಆಕೆಯ ಕೆಲಸ. ಊರಿಗೆಲ್ಲ ಗೇರಕ್ಕ. ಒಂದು ಮಾತು ಅತ್ತಿಗೆಯನ್ನು ಕೇಳಬಾರದಿತ್ತೇ ಎಂದು ಹೆಂಡತಿ ಅಂದದ್ದಕ್ಕೆ ಗಂಡ ಕೊಟ್ಟ ಉತ್ತರ ಪ್ರಾಮಾಣಿಕವಾಗಿಯೇ ಇತ್ತು.

"ಅಕ್ಕನ್ನ ಕೇಳಿದ್ರೆ ಬೇಡ ಅಂತಾಳೆ. ಅದಕ್ಕೇ ಕೇಳ್ಲಿಲ್ಲ."

ಅವನಿಗೆ ಇನ್ನೊಂದು ಅಭ್ಯಾಸವೂ ಇತ್ತು. ಪರೀಕ್ಷಾ ಯಂತ್ರ ಕುಲುಕಿದರೆ ಅದರ ಅಳತೆ ತಪ್ಪುತ್ತದೆ, ಮತ್ತೆ ಸರಿಪಡಿಸಲು ಮುಕ್ಕಾಲು ಗಂಟೆ ಬೇಕು. ಅದಕ್ಕಾಗಿ ಅವನು ಎಕ್ಸಲರೇಟರನ್ನು ಮಲಗಿದ ಮಗುವನ್ನು ಮುಟ್ಟುವಂತೆ ಮುಟ್ಟುತ್ತಿದ್ದ. ಗೇರ್‌ಬಾಕ್ಸ್ ಬೇಗ ಮೇಲಿನ ಗೇರಿಗೆ ಹೋಗುತ್ತಿತ್ತು, ಎಂಜಿನ್ ನಿಧಾನವಾಗಿ ಗುನುಗುತ್ತಿತ್ತು, ಟ್ರೇಲರ್ ನೀರಿನ ಮೇಲೆ ತೇಲಿದ ಹಾಗೆ ಬರುತ್ತಿತ್ತು. ಮೊದಲಾದರೆ ಏರು ಬಂದಾಗ ಗೇರ್ ತಾನೇ ಇಳಿಯುತ್ತಿತ್ತು. ಟ್ಯೂನಿಂಗ್ ಆದ ಮೇಲೆ ಇಳಿಯುವುದೂ ನಿಂತಿತು. ಅದನ್ನೇ ಅವನು ಹೆಮ್ಮೆಯಿಂದ ತೋರಿಸಿಕೊಂಡು ತಿರುಗಿದ.

ಮೊದಲ ಶಾಲೆಯ ದಿನ ಬೆಳಗ್ಗೆ ಒಂಬತ್ತೂವರೆಗೆ, ಬೆಟ್ಟದ ನಾಲ್ಕನೇ ತಿರುವಿನಲ್ಲಿ, ಎಂಜಿನ್ ಒಮ್ಮೆಲೇ ಜೋರಾಗಿ ಕೂಗಿತು. ಗಾಡಿ ಮುಂದೆ ಹೋಗಲಿಲ್ಲ. ಸೀದುಹೋದ ಎಣ್ಣೆಯ ವಾಸನೆ ಒಳಗೆ ತುಂಬಿತು. ಗಂಡ ಎಕ್ಸಲರೇಟರ್ ಇನ್ನಷ್ಟು ಒತ್ತಿದ. ಗಾಡಿ ಹಿಂದಕ್ಕೆ ಜಾರತೊಡಗಿತು. ಅವನು ಬ್ರೇಕಿನ ಮೇಲೆ ಎದ್ದು ನಿಂತಂತೆ ಕಾಲೂರಿದ. ಹೆಂಡತಿ ಇಳಿದು ಓಡಿ, ದಾರಿ ಬದಿಯ ಕಲ್ಲುಗಳನ್ನು ತಂದು ಟ್ರೇಲರಿನ ಚಕ್ರಗಳ ಹಿಂದೆ ಒಡ್ಡಿದಳು. ಕೊನೆಯ ಕಲ್ಲಿಟ್ಟು ತಲೆ ಎತ್ತಿದಾಗ ಕಾಣಿಸಿದ್ದು ಇಪ್ಪತ್ತು ಅಡಿ ಹಿಂದೆ ನಿಂತಿದ್ದ ಶಾಲಾ ಬಸ್ಸು. ಅದರ ಮುಂದಿನ ಗಾಜಿನ ಹಿಂದೆ ಎರಡು ಸಾಲು ಮಕ್ಕಳು. ಅವರ ಕಣ್ಣು ಪರೀಕ್ಷಿಸಲೆಂದೇ ಇವರು ಹೊರಟಿದ್ದರು.

ಆಕೆ ಗಂಡನ ಮೇಲೆ ಕೂಗಾಡಲಿಲ್ಲ. ಶಾಲೆಯ ಮುಖ್ಯ ಶಿಕ್ಷಕಿಗೆ ಫೋನ್ ಮಾಡಿ ಇದ್ದದ್ದು ಇದ್ದಂತೆ ಹೇಳಿದಳು. ಮುಂದಿನ ಶುಕ್ರವಾರದವರೆಗೆ, ಅಂದರೆ ಒಂಬತ್ತು ದಿನ, ಗಡುವು ಸಿಕ್ಕಿತು. ಆಮೇಲೆ ಮತ್ತೊಂದು ಅವಕಾಶವಿಲ್ಲ ಎಂಬುದನ್ನೂ ಅವರು ತಿಳಿಸಿದರು.

ಗೇರಕ್ಕನ ಷೆಡ್ಡಿಗೆ ಗಾಡಿಯನ್ನು ಎಳೆದು ತಂದರು. ಆಕೆ ಮೊದಲು ಮಾಡಿದ ಕೆಲಸ ಗೇರ್‌ಬಾಕ್ಸಿನ ಆಯಿಲನ್ನು ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟದ್ದು. ಪಕ್ಕದಲ್ಲಿ ಹೊಸ ಆಯಿಲಿನ ತೊಟ್ಟು. ಹೊಸದು ತಿಳಿಗೆಂಪು. ಇವರದು ಕರಿ ಕಾಫಿಯ ಬಣ್ಣ, ನಡುವೆ ಮಿನುಗುವ ಪುಡಿ.

"ಎಂಜಿನ್ನಿಗೆ ಏನೂ ಆಗಿಲ್ಲ ಅಕ್ಕಾ," ಎಂದ ತಮ್ಮ. "ಇವತ್ತಿಗೂ ಗುಂಡಿನ ಹಾಗಿದೆ."

"ಎಂಜಿನ್ ಗುಂಡಿನ ಹಾಗಿದೆ ಕಣೋ. ಆ ಗುಂಡು ತಾಗಿದ್ದು ಇದಕ್ಕೆ."

ಗೇರಕ್ಕ ಎರಡು ಟೇಬಲ್ ಫ್ಯಾನ್ ತಂದು ಎದುರೆದುರು ಇಟ್ಟಳು. ಒಂದಕ್ಕೆ ಮಾತ್ರ ಕರೆಂಟು ಕೊಟ್ಟಳು. ಅದರ ಗಾಳಿಗೆ ಎದುರಿನದೂ ತಿರುಗತೊಡಗಿತು. ಟಾರ್ಕ್ ಕನ್ವರ್ಟರ್ ಅಂದರೆ ಇಷ್ಟೇ, ಗಾಳಿಯ ಬದಲು ಆಯಿಲ್ ಎಂದು ವಿವರಿಸಿದಳು. ಒಂದು ರೆಕ್ಕೆಯನ್ನು ಎಂಜಿನ್ ತಿರುಗಿಸುತ್ತದೆ, ಇನ್ನೊಂದು ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಎರಡರ ವೇಗದಲ್ಲಿ ಅಂತರ ಇದ್ದಷ್ಟೂ ಆಯಿಲ್ ಕಾಯುತ್ತದೆ. ಹಾಗಾಗಬಾರದೆಂದು ಒಳಗೊಂದು ಕ್ಲಚ್ ಇರುತ್ತದೆ, ಗಾಡಿ ಒಂದೇ ಹದದಲ್ಲಿ ಓಡುವಾಗ ಅದು ಎರಡನ್ನೂ ಕಚ್ಚಿ ಹಿಡಿಯುತ್ತದೆ. ಆ ಹಿಡಿತಕ್ಕೆ ಕಂಪನಿ ಒಂದು ಮಿತಿ ಇಟ್ಟಿರುತ್ತದೆ. ಎಂಜಿನ್ನಿನ ಬಲ ಹೆಚ್ಚಿಸಿದವರು ಹಿಡಿತ ಹೆಚ್ಚಿಸದಿದ್ದರೆ ಕ್ಲಚ್ ಜಾರುತ್ತದೆ, ಉಜ್ಜುತ್ತದೆ, ಸುಡುತ್ತದೆ. ಮೂರು ವಾರದ ನಡುಕ ಅದೇ ಜಾರಾಟ. ಉಜ್ಜಿ ಉದುರಿದ ಪುಡಿ ಆಯಿಲಿಗೆ ಸೇರಿ ಫಿಲ್ಟರ್ ಕಟ್ಟಿಕೊಂಡಿತು, ಆಯಿಲಿನ ಒತ್ತಡ ಬಿದ್ದುಹೋಯಿತು, ಗಾಡಿ ಬೆಟ್ಟದಲ್ಲಿ ಕೈಬಿಟ್ಟಿತು.

"ಆದ್ರೆ ನಾನು ಒಂದಿನಾನೂ ಜೋರಾಗಿ ಓಡ್ಸಿಲ್ಲ," ಎಂದು ತಮ್ಮ ವಾದಿಸಿದ. "ಎಷ್ಟು ಮೆತ್ತಗೆ ಓಡಿಸ್ತೀನಿ ಇವಳನ್ನೇ ಕೇಳು."

"ಅದೇ ನೀನು ಮಾಡಿದ ತಪ್ಪು," ಎಂದಳು ಅಕ್ಕ. "ಎರಡು ಟನ್ ಕಟ್ಟಿಕೊಂಡು, ಏರಿನಲ್ಲಿ, ಮೇಲಿನ ಗೇರಲ್ಲಿ, ಎಂಜಿನ್ ತೂಕಡಿಸೋ ಹಾಗೆ ಓಡಿಸಿದ್ದೀಯ. ಟ್ಯೂನ್ ಮಾಡಿದ ಡೀಸೆಲ್ ಎಂಜಿನ್ ಆ ಕಡಿಮೆ ವೇಗದಲ್ಲೇ ಅತಿ ಜೋರಾಗಿ ತಳ್ಳೋದು. ಆ ಬಲಾನೆಲ್ಲ ತಿಂದಿದ್ದು ಆ ಕ್ಲಚ್. ಯಂತ್ರ ಕುಲುಕಬಾರದು ಅಂತ ಗಾಡೀನೇ ಸುಟ್ಟೆ."

ಅವನು ಒಪ್ಪಲಿಲ್ಲ. ಗುರು ಮೋಸ ಮಾಡುವವನಲ್ಲ, ನೂರಾರು ಗಾಡಿ ಮಾಡಿದ್ದಾನೆ ಎಂದು ಗೊಣಗಿದ. ಹೆಂಡತಿ ಟ್ಯೂನಿಂಗ್ ಬಿಲ್ಲನ್ನು ಚೀಲದಿಂದ ತೆಗೆದಳು. ಸಣ್ಣ ಅಕ್ಷರ ಓದುವುದು ಆಕೆಯ ವೃತ್ತಿ. ಬಿಲ್ಲಿನ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಗೇರ್‌ಬಾಕ್ಸ್ ಮತ್ತು ಟಾರ್ಕ್ ಕನ್ವರ್ಟರಿಗೆ ಆಗುವ ಹಾನಿಗೆ ಅಂಗಡಿ ಹೊಣೆಯಲ್ಲ ಎಂದಿತ್ತು.

ಮೂವರೂ ಟ್ಯೂನಿಂಗ್ ಅಂಗಡಿಗೆ ಹೋದರು. ಸೋಫಾದ ಮೇಲೆ ಮೂರು ಗಿರಾಕಿಗಳು ಕೂತಿದ್ದರು. ಗುರು ನಗುನಗುತ್ತಲೇ ಮಾತಾಡಿದ. ತನ್ನ ಕೆಲಸ ಎಂಜಿನ್ನಿಗಷ್ಟೇ, ಅದರ ಹಿಂದಿನದು ಅವರವರ ಪಾಡು, ಇಷ್ಟಕ್ಕೂ ಬಿಲ್ಲಿನಲ್ಲಿ ಬರೆದೇ ಇದೆಯಲ್ಲ ಎಂದ.

"ಅಂದ್ರೆ ಕೆಡುತ್ತೆ ಅಂತ ನಿಮಗೆ ಗೊತ್ತಿತ್ತು," ಎಂದಳು ಹೆಂಡತಿ. "ಗೊತ್ತಿಲ್ದೆ ಈ ಸಾಲು ಯಾಕೆ ಬರೀತಿದ್ರಿ?"

ಗುರು ಲ್ಯಾಪ್‌ಟಾಪಿನ ಕೀಲಿ ಒತ್ತತೊಡಗಿದ. ಹೆಂಡತಿ ಮುಂದುವರಿಸಿದಳು.

"ನಾನೂ ದಿನಾ ಜನರಿಗೆ ಕನ್ನಡಕ ಕೊಡ್ತೀನಿ. ಹೊಸ ನಂಬರು, ಎರಡು ದಿನ ತಲೆ ಸುತ್ತಬಹುದು, ಗಾಡಿ ಓಡಿಸಬೇಡಿ ಅಂತ ಕೊಡೋ ಮೊದಲು ಹೇಳ್ತೀನಿ. ಬಾಯಿಬಿಟ್ಟು ಹೇಳ್ತೀನಿ. ಯಾರಿಗೂ ಕಾಣದ ಹಾಗೆ ಬರೆದು ಜೇಬಿಗೆ ತುರುಕಲ್ಲ. ನಮ್ಮ ಹಿಂದೆ ಮಕ್ಕಳ ಬಸ್ಸಿತ್ತು. ಆ ಬಸ್ಸಿನವರಿಗೂ ಒಂದು ಬಿಲ್ ಕೊಟ್ಟಿದ್ರಾ ನೀವು?"

ಸೋಫಾದಲ್ಲಿ ಕೂತಿದ್ದ ಒಬ್ಬರು ತಮ್ಮ ಕೀ ವಾಪಸು ಕೇಳಿದರು. ಗುರುವಿನ ನಗು ಅಲ್ಲಿಗೆ ನಿಂತಿತು. ಎಂಜಿನ್ನಿನ ಹಳೆಯ ಕಂಪನಿ ಸೆಟ್ಟಿಂಗನ್ನು ಮರಳಿ ಹಾಕಲು ಮರುದಿನವೇ ಗೇರಕ್ಕನ ಷೆಡ್ಡಿಗೆ ಬಂದ. ಅಲ್ಲಿ ಗ್ರಾಫ್ ತೋರಿಸಲಿಲ್ಲ.

ಗೇರಕ್ಕ ಆರು ದಿನ ದುಡಿದಳು. ಕನ್ವರ್ಟರ್ ಹೊಸದು, ಗೇರ್‌ಬಾಕ್ಸಿನ ಒಂದು ಸೆಟ್ ಕ್ಲಚ್ ತಟ್ಟೆ ಹೊಸದು. ಆಯಿಲ್ ತಣಿಸುವ ಕೂಲರಿನಲ್ಲಿ ಹಳೆಯ ಪುಡಿ ಉಳಿದರೆ ಹೊಸ ಕನ್ವರ್ಟರೂ ಕೆಡುತ್ತದೆ ಎಂದು ಕೂಲರನ್ನೂ ಬದಲಿಸಿ, ಟ್ರೇಲರ್ ಎಳೆಯುವ ಗಾಡಿಗೆಂದು ಇನ್ನೊಂದನ್ನು ಹೆಚ್ಚುವರಿಯಾಗಿ ಕೂರಿಸಿದಳು. ಗೇರ್‌ಬಾಕ್ಸ್ ಆಯಿಲಿನ ಬಿಸಿ ತೋರಿಸುವ ಮೀಟರನ್ನು ಡ್ರೈವರಿನ ಕಣ್ಣೆದುರಿಗೇ ಹಾಕಿದಳು. ಟ್ಯೂನಿಂಗ್ ಮಾಡಿಸುವುದೇ ತಪ್ಪಾ ಎಂದು ತಮ್ಮ ಕೇಳಿದಾಗ ಆಕೆ ಇಲ್ಲವೆಂದಳು. ಹೆಚ್ಚಿದ ಬಲ ತಡೆಯುವಂಥ ಕನ್ವರ್ಟರನ್ನು ಮೊದಲು ಹಾಕಿಸಿ, ಎಳೆಯುವ ಭಾರ ಎಷ್ಟೆಂದು ಹೇಳಿ, ಆಮೇಲೆ ಮಾಡಿಸಿದರೆ ಅದು ಲೆಕ್ಕ. ಎಂಜಿನ್ ಒಂದಕ್ಕೇ ಬಲ ಕೊಟ್ಟು ಕಳಿಸುವುದು ಬೇಜವಾಬ್ದಾರಿ.

ಆದರೂ ಅವನಿಗೆ ಒಂದು ಅನುಮಾನ ಉಳಿದಿತ್ತು. ಕೆಳಗಿನ ಗೇರಿನಲ್ಲಿ ಎಂಜಿನ್ ಅಷ್ಟು ಅರಚುತ್ತದೆ, ಅದು ಹೇಗೆ ಒಳ್ಳೆಯದು? ಗುರುವಾರ ಗೇರಕ್ಕ ಟ್ರೇಲರ್ ಕಟ್ಟಿಸಿ ಊರಾಚೆಯ ಏರಿಗೆ ಕರೆದೊಯ್ದಳು. ಮೊದಲು ನಿನ್ನ ರೀತಿಯಲ್ಲೇ ಓಡಿಸು, ಒಂದು ಸಲಕ್ಕೆ ಏನೂ ಆಗದು, ಮೀಟರ್ ನೋಡು ಎಂದಳು. ಮೆತ್ತಗೆ, ಗೇರ್ ತಾನೇ ಇಳಿಯದಂತೆ ಕೈಯಿಂದ ಮೇಲಿನದರಲ್ಲೇ ಹಿಡಿದು. ಏರಿನ ತುದಿಗೆ ಬರುವಷ್ಟರಲ್ಲಿ ನೂರಾ ಹದಿನಾಲ್ಕು ಡಿಗ್ರಿ, ಇನ್ನೂ ಏರುತ್ತಿತ್ತು. ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಗೇರನ್ನು ಪಾರ್ಕ್ ಸ್ಥಾನಕ್ಕೆ ಹಾಕಿ ಆಯಿಲ್ ತಣಿಯಲು ಬಿಟ್ಟರು. ಎರಡನೇ ಸಲ ಟ್ರೇಲರ್ ಎಳೆಯುವ ಮೋಡ್ ಹಾಕಿ, ಎರಡು ಗೇರ್ ಕೆಳಗೆ ಇಟ್ಟು ಓಡಿಸಿದ. ಅದೇ ಏರು, ಅದೇ ಭಾರ, ಅದೇ ವೇಗ. ತೊಂಬತ್ತೈದಕ್ಕೆ ಬಂದು ಮುಳ್ಳು ನಿಂತುಬಿಟ್ಟಿತು.

ಅವನು ಗಾಡಿಯನ್ನು ಬದಿಗೆ ನಿಲ್ಲಿಸಿದ. "ನಿನ್ನನ್ನ ಮೊದಲೇ ಕೇಳ್ಬೇಕಿತ್ತು," ಎಂದ.

"ಕೇಳಿದ್ರೆ ಬೇಡ ಅಂತಿದ್ದೆ," ಎಂದಳು ಅಕ್ಕ.

ಶುಕ್ರವಾರ ಅವರು ಒಂದು ಗಂಟೆ ಬೇಗ ಹೊರಟರು. ಯಂತ್ರ ಸ್ವಲ್ಪ ಕುಲುಕಿತು. ಶಾಲೆಯ ಅಂಗಳದಲ್ಲಿ ಹೆಂಡತಿ ಅಳತೆ ಸರಿಪಡಿಸುವಾಗ ಗಂಡ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತಿದ್ದ. ಹತ್ತು ಗಂಟೆಗೆ ಮೊದಲ ಮಗು ಕುರ್ಚಿಯಲ್ಲಿ ಕೂತಿತ್ತು. ಉಳಿದ ಎರಡು ಶಾಲೆಗಳಿಗೆ ಫೋನ್ ಮಾಡಿ ಅವುಗಳ ತಾರೀಖನ್ನೂ ಮುಖ್ಯ ಶಿಕ್ಷಕಿ ಅಂದೇ ಖಚಿತಪಡಿಸಿದರು.

ಟ್ರೇಲರ್ ಎಳೆಯುವವರೇ, ಇದನ್ನು ಓದಿ ಮಡಚಿಡಬೇಡಿ. ಹದವಾಗಿ ಓಡಿಸುವಾಗ ಗಾಡಿ ಗರಗಸದ ಮೇಲೆ ಹೋದಂತೆ ನಡುಗಿದರೆ, ವೇಗ ಹೆಚ್ಚದೆ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಮಾತ್ರ ಮೇಲೆ ಕೆಳಗೆ ಆಡಿದರೆ, ಅವತ್ತೇ ಆಯಿಲ್ ನೋಡಿಸಿ. ಭಾರ ಎಳೆಯುವ ಗಾಡಿಯ ಗೇರ್‌ಬಾಕ್ಸ್ ಆಯಿಲ್ ಎಂದೆಂದಿಗೂ ಇರುತ್ತದೆ ಎಂಬ ಮಾತು ನಂಬಬೇಡಿ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂದು ತಿಳಿದವರನ್ನು ಕೇಳಿ. ಏರಿನಲ್ಲಿ ಗೇರ್ ಇಳಿಸಿ. ಎಂಜಿನ್ನಿನ ಬಲ ಹೆಚ್ಚಿಸುತ್ತೇವೆ ಎನ್ನುವವರಿಗೆ ನಿಮ್ಮ ಟ್ರೇಲರಿನ ತೂಕ ಹೇಳಿ, ನಮ್ಮ ಟಾರ್ಕ್ ಕನ್ವರ್ಟರ್ ಎಷ್ಟು ತಡೆಯುತ್ತದೆ ಎಂದು ಕೇಳಿ, ಉತ್ತರವನ್ನು ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ಸಹಿ ಹಾಕಿಸಿ. ಸಹಿ ಹಾಕಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.