ಇಪ್ಪತ್ತು ಲೀಟರಿನ ಯಂತ್ರ

ಬೆಳ್ಳಂಬೆಳಿಗ್ಗೆ ಗುಬ್ಬಿ ನೆಲಮಾಳಿಗೆಯ ಬಾಗಿಲು ತೆಗೆದಳು. ತೇವ ಹೀರುವ ಯಂತ್ರ ಮತ್ತೆ ನಿಂತುಹೋಗಿತ್ತು. ನೀರಿನ ಡಬ್ಬಿ ಕಂಠಮಟ್ಟ ತುಂಬಿ, ಕೆಂಪು ದೀಪ ಅವಳನ್ನೇ ದುರುಗುಟ್ಟಿ ನೋಡುತ್ತಿತ್ತು. ಗೋಡೆಯ ಮೇಲಿನ ತೇವದ ಮೀಟರು ಶೇಕಡಾ ಎಪ್ಪತ್ತೈದು ತೋರಿಸುತ್ತಿತ್ತು. ನಿನ್ನೆ ಸಂಜೆ ಇದೇ ಮೀಟರು ಐವತ್ತೈದಕ್ಕೆ ಇಳಿದದ್ದನ್ನು ಅವಳು ಕಣ್ಣಾರೆ ಕಂಡು ಮಲಗಿದ್ದಳು. ಬಾಗಿಲು ಮುಚ್ಚಿದ ಕೋಣೆಗೆ ಇಷ್ಟು ನೀರು ಎಲ್ಲಿಂದ ಬಂತು?

ಗುಬ್ಬಿ ಎಂಬುದು ಮನೆಯವರು ಇಟ್ಟ ಹೆಸರು. ಓದು ಮುಗಿದಿತ್ತು, ಕೆಲಸ ಇನ್ನೂ ಸಿಕ್ಕಿರಲಿಲ್ಲ. ನಾಲ್ಕು ಜನ ಕೂತಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವ ಹುಡುಗಿ. ಅಪ್ಪ ಈ ನೆಲಮಾಳಿಗೆಯಲ್ಲೇ ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿದ್ದರು. ತೇವಕ್ಕೆ ರಟ್ಟುಗಳು ದೋಣಿಯ ಹಾಗೆ ಬಾಗಿ, ಅಂಟು ಹಚ್ಚಿದಲ್ಲೆಲ್ಲ ಬೂಷ್ಟು ಕಟ್ಟತೊಡಗಿದಾಗ ಅವರು ಅವಳ ಕಡೆ ತಿರುಗಿ, "ಎಷ್ಟು ದೊಡ್ಡ ಮಷೀನ್ ಬೇಕು ಅಂತ ನೀನೇ ನೋಡಮ್ಮ, ನನಗೆ ತಲೆಬುಡ ಗೊತ್ತಾಗಲ್ಲ" ಎಂದಿದ್ದರು. ಆ ಮನೆಯಲ್ಲಿ ಅವಳನ್ನು ಕೇಳಿ ಮಾಡಿದ ಮೊದಲ ಕೆಲಸ ಅದು.

ಅವಳು ಟೇಪು ಹಿಡಿದು ಉದ್ದ ಅಗಲ ಅಳೆದಳು. ಗೋಡೆಯೇ ಒಸರುತ್ತಿದೆಯೋ ಎಂದು ಒಂದು ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಬಿಗಿಯಾಗಿ ಅಂಟಿಸಿ ಕಾದಳು. ಹಾಳೆಯ ಹಿಂದೆ ಒಂದು ಹನಿಯೂ ಕೂಡಲಿಲ್ಲ. ಅಂಗಡಿಯವನು ಫೋನಿನಲ್ಲಿ, "ಅಲ್ಲಿ ನಲ್ಲಿ ಇದೆಯಾ? ಯಾರಾದ್ರೂ ಮಲಗ್ತಾರಾ? ಬಟ್ಟೆ ಒಣಗಿಸ್ತೀರಾ?" ಎಂದು ಕೇಳಿದ್ದಕ್ಕೆಲ್ಲ ಇಲ್ಲ ಎಂದಳು. ಲೆಕ್ಕ ಸ್ಪಷ್ಟವಾಗಿತ್ತು. ದಿನಕ್ಕೆ ಇಪ್ಪತ್ತು ಲೀಟರ್ ಹೀರುವ ಯಂತ್ರ ಸಾಕು.

"ಮೂವತ್ತರದ್ದು ತಗೊಳ್ಳಿ, ಪೀಡೆ ಕಳೀತು" ಎಂದಿದ್ದರು ಅದೇ ಮನೆಯಲ್ಲಿದ್ದ ದೊಡ್ಡಪ್ಪ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕೆಮ್ಮಿದರೆ ಸಾಕು, ಮಹಡಿಯ ಮೇಲಿದ್ದವರೂ ನೆಟ್ಟಗೆ ಕೂರುತ್ತಿದ್ದರು.

"ಬೇಡ ದೊಡ್ಡಪ್ಪ. ಅಷ್ಟು ದೊಡ್ಡದಾದ್ರೆ ಸುಮ್ನೆ ಕರೆಂಟು ತಿನ್ನುತ್ತೆ. ಇಪ್ಪತ್ತೇ ಸಾಕು."

ಅವರಿಗೆ ಎದುರು ಮಾತಾಡಿದ್ದು ತಾನೇನಾ ಎಂದು ಅವಳಿಗೇ ನಂಬಿಕೆ ಬಂದಿರಲಿಲ್ಲ.

ಯಂತ್ರ ಬಂತು, ತೇವ ಹೋಗಲಿಲ್ಲ. ಸಂಜೆ ಇಳಿದ ಮೀಟರು ಬೆಳಗಾಗುವಷ್ಟರಲ್ಲಿ ಮತ್ತೆ ಹತ್ತಿ ಕೂತಿರುತ್ತಿತ್ತು. ಎಲ್ಲರಿಗಿಂತ ಜೋರಾಗಿ ಕೂಗಿದವರು ದೊಡ್ಡಪ್ಪನೇ: "ನೋಡಿದ್ರಾ? ಡಿಗ್ರಿ ಗೋಡೆ ಮೇಲೆ, ಬೂಷ್ಟು ಗೋಡೆ ಕೆಳಗೆ!" ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಆದರೆ ಗುಬ್ಬಿಗೆ ಚುಚ್ಚಿದ್ದು ನಿನ್ನೆ ಅಪ್ಪ ಮೆಲ್ಲಗೆ ಹೇಳಿದ ಮಾತು. "ನಾಳೆ ಅಂಗಡಿಯವನು ಬಂದು ಬದಲಾಯಿಸ್ತಾನಂತೆ. ಇನ್ಮೇಲೆ ಇಂಥದ್ದಕ್ಕೆಲ್ಲ ನಾನೇ ಓಡಾಡ್ತೀನಿ ಬಿಡು, ನಿನಗ್ಯಾಕೆ ತೊಂದರೆ."

ಅದಕ್ಕೇ ಇವತ್ತು ಯಾರೂ ಏಳುವ ಮೊದಲೇ ಇಳಿದು ಬಂದಿದ್ದಳು. ತನ್ನ ಲೆಕ್ಕ ಎಲ್ಲಿ ತಪ್ಪಿತು ಎಂಬುದಾದರೂ ಗೊತ್ತಾಗಬೇಕಿತ್ತು.

ಪ್ಲಾಸ್ಟಿಕ್ ಹಾಳೆಯ ಹಿಂದೆ ಬೆರಳಾಡಿಸಿದಳು. ಒಣಗಿತ್ತು. ಆಗ ಕೇಳಿಸಿತು, ಟಪ್. ಸ್ವಲ್ಪ ಬಿಟ್ಟು ಮತ್ತೆ, ಟಪ್. ಸದ್ದು ಬಂದದ್ದು ರಟ್ಟುಗಳ ಎತ್ತರದ ಕಪಾಟಿನ ಹಿಂದಿನಿಂದ. ಪೈಪು ಒಡೆದಿದೆ ಎಂದುಕೊಂಡು ಸಂದಿಯೊಳಗೆ ತೂರಿದವಳ ಮುಖಕ್ಕೆ ತಣ್ಣನೆಯ ಒದ್ದೆ ಬಟ್ಟೆ ರಪ್ಪನೆ ಬಡಿಯಿತು. ಅದನ್ನು ಸರಿಸಿ ನೋಡಿದಳು.

ಅಪ್ಪ ಹಾಳೆ ಒಣಹಾಕುವ ತಂತಿಯ ಮೇಲೆ ಒಂದು ಹಾಸಿಗೆ ಬಟ್ಟೆ, ಒಂದು ದಪ್ಪ ಹೊದಿಕೆ ನೇತಾಡುತ್ತಿದ್ದವು. ಸರಿಯಾಗಿ ಹಿಂಡಿಯೂ ಇರಲಿಲ್ಲ, ಅಂಚಿನಿಂದ ನೀರು ಇಳಿಯುತ್ತಿತ್ತು. ನೀಲಿ ಚೌಕುಳಿಯ ಆ ಬಟ್ಟೆ ಯಾರದೆಂದು ಅವಳಿಗೆ ಗೊತ್ತಿತ್ತು. ಸಾಬೂನಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆಯೂ ಇತ್ತು. ಹಾಸಿಗೆ ಒದ್ದೆ ಮಾಡುವ ಎಳೆಮಕ್ಕಳಿರುವ ಮನೆಯ ವಾಸನೆ.

ಹಿಂದೆ ಮೆಟ್ಟಿಲು ಕಿರ್ರೆಂದಿತು. ದೊಡ್ಡಪ್ಪ ಒದ್ದೆ ಪೈಜಾಮವನ್ನು ಎದೆಗವಚಿಕೊಂಡು ನಿಂತಿದ್ದರು. ಹನಿಗಳು ಅವರ ಬರಿಗಾಲ ಮೇಲೆ ಬೀಳುತ್ತಿದ್ದವು.

 ಬೈಯುತ್ತಾರೆ ಎಂದು ಗುಬ್ಬಿ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

"ಟೆರೇಸಿಗೆ ಹಾಕಿದ್ರೆ ಎಲ್ಲರ ಕಣ್ಣಿಗೂ ಬೀಳುತ್ತೆ" ಎಂದರು ಅವರು, ಅವಳತ್ತ ನೋಡದೆ. "ಕೈಯಲ್ಲಿ ಹಿಂಡೋ ಶಕ್ತಿಯೂ ಇಲ್ಲ." ಪೈಜಾಮದತ್ತ ನೋಡುತ್ತ, "ದೊಡ್ಡ ಮಷೀನಾದ್ರೆ ಬೇಗ ಒಣಗೀತು ಅಂದ್ಕೊಂಡಿದ್ದೆ."

ಗುಬ್ಬಿ ಮುಂದೆ ಬಂದಳು. ಅವರ ಕೈಯಿಂದ ಪೈಜಾಮ ಇಸಿದುಕೊಂಡು, ಗಟ್ಟಿಯಾಗಿ ಹಿಂಡಿ, ತಂತಿಗೆ ಹಾಕಿ ಮೇಲೆ ಹತ್ತಿಬಿಟ್ಟಳು.

ತಿಂಡಿ ಮುಗಿಯುತ್ತಿದ್ದಂತೆ ಅಂಗಡಿಯವನು ಬಂದ. ಅಪ್ಪ, ಅಮ್ಮ, ದೊಡ್ಡಪ್ಪ ಎಲ್ಲರೂ ನಡುಮನೆಯಲ್ಲೇ ಇದ್ದರು.

"ಅಳತೆ ನೋಡಿದ್ರೆ ಇಪ್ಪತ್ತು ಧಾರಾಳ ಸಾಕು ಸಾರ್" ಎಂದ ಅವನು ತಲೆ ಕೆರೆದುಕೊಳ್ಳುತ್ತ. "ಬಟ್ಟೆ ಗಿಟ್ಟೆ ಏನಾದ್ರೂ ಒಣಗಿಸ್ತೀರಾ ಅಲ್ಲಿ?"

"ಅಲ್ಯಾಕ್ರೀ ಒಣಗಿಸ್ತೀವಿ, ಇಷ್ಟಗಲ ಟೆರೇಸ್ ಇಟ್ಕೊಂಡು?" ಎಂದರು ಅಮ್ಮ.

ಈಗ ಒಂದು ಮಾತು ಹೇಳಿದರೆ ಸಾಕಿತ್ತು. ಅವಳ ಲೆಕ್ಕವೇ ಗೆಲ್ಲುತ್ತಿತ್ತು, ಅಪ್ಪ ಇನ್ನೊಮ್ಮೆ ಅವಳನ್ನು ಕೇಳುತ್ತಿದ್ದರು. ಗುಬ್ಬಿ ಎದ್ದು ನಿಂತಳು. 

"ನನ್ನ ಲೆಕ್ಕವೇ ತಪ್ಪಿತ್ತು. ಅಗಲ ಕಡಿಮೆ ಅಳೆದಿದ್ದೆ. ಮೂವತ್ತರದ್ದೇ ಕೊಡಿ."

ಅಪ್ಪ ನಿಟ್ಟುಸಿರುಬಿಟ್ಟು ತಲೆಯಾಡಿಸಿದರು. "ಹೋಗಲಿ ಬಿಡಮ್ಮ."

"ಏನು ಹೋಗಲಿ ಬಿಡಮ್ಮ?"

ದೊಡ್ಡಪ್ಪನ ದನಿಗೆ ಅಂಗಡಿಯವನೂ ನೆಟ್ಟಗೆ ಕೂತ. ತರಗತಿಯ ಕೊನೆಯ ಬೆಂಚಿಗೂ ಕೇಳಿಸುತ್ತಿದ್ದ ಹಳೆಯ ದನಿ ಅದು. ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಮರಳಿ ಬಂದಾಗ ತೋಳಿನ ಮೇಲೆ ನೀಲಿ ಚೌಕುಳಿಯ ಒದ್ದೆ ಬಟ್ಟೆ ಇತ್ತು. ಅದನ್ನು ಎಲ್ಲರೆದುರು ಮೇಜಿನ ಮೇಲೆ ಹಾಕಿದರು.

"ಲೆಕ್ಕ ಸರಿಯಾಗೇ ಇತ್ತು. ಇದು ಅದರಲ್ಲಿ ಸೇರಿರಲಿಲ್ಲ, ಅಷ್ಟೇ. ನಾನು ಹೇಳಿದ್ರೆ ತಾನೆ ಅವಳು ಸೇರಿಸೋದು?"

ಅಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅಪ್ಪ ಅಣ್ಣನನ್ನು ನೋಡಿದರು, ಬಟ್ಟೆಯನ್ನು ನೋಡಿದರು, ಮತ್ತೆ ಅಣ್ಣನನ್ನು ನೋಡಿದರು. ಯಂತ್ರ ಬದಲಾಯಿಸಲು ಬಂದವನು ನೆಲ ನೋಡುತ್ತ ಕೂತುಬಿಟ್ಟ. ಇಷ್ಟು ನಿಶ್ಶಬ್ದವಾದ ತನ್ನ ಮನೆಯನ್ನು ಗುಬ್ಬಿ ಕಂಡದ್ದೇ ಇರಲಿಲ್ಲ. ಮಾತು ಬಾರದವಳು ತಾನೊಬ್ಬಳೇ ಎಂದುಕೊಂಡಿದ್ದಳು.

ಕೊನೆಗೆ ಅಪ್ಪ ಎದ್ದು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ಗುಬ್ಬಿ, ಕ್ಲಿಪ್ಪು ತಗೊಂಡು ಬಾ" ಎಂದು ಟೆರೇಸಿನ ಕಡೆ ನಡೆದರು.

ಮೇಲೆ ಬಿಸಿಲು ಚೆನ್ನಾಗಿತ್ತು. ಅಕ್ಕಪಕ್ಕದ ಮನೆಗಳ ಕಿಟಕಿಗಳೆಲ್ಲ ತೆರೆದಿದ್ದವು. ಗುಬ್ಬಿ ಅಪ್ಪನ ಜೊತೆ ತಂತಿಗೆ ಬಟ್ಟೆ ಹರವಿದಳು. ಅಷ್ಟರಲ್ಲಿ ಕೆಳಗಿನ ಅಂಗಳದಿಂದ, ಬೀದಿಗೆ ಬೀದಿಯೇ ಕೇಳುವ ಹಾಗೆ ದೊಡ್ಡಪ್ಪನ ಕೂಗು ಬಂತು:

"ಕ್ಲಿಪ್ಪು ಸರಿಯಾಗಿ ಹಾಕ್ರೋ! ನನ್ನ ಹಾಸಿಗೆ ಬಟ್ಟೆ ಗಾಳಿಗೆ ಪಕ್ಕದ ಮನೆ ಸೇರೀತು!"