ಮೂವತ್ತೆರಡು ಮನೆಯ ಪೆಟ್ಟಿಗೆ

ನಮ್ಮ ಪಿಎಚ್.ಡಿ. ಗೈಡ್ ಲೆಕ್ಕದಲ್ಲಿ ಹುಲಿ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಅವರ ಕೈಕೆಳಗೆ, ಕಿಟಕಿಯಿಲ್ಲದ ಈ ಕೋಣೆಯಲ್ಲಿ ನಾನು ಆರು ವರ್ಷ ಸವೆಸಿದ್ದೇನೆ. ಕೆಲಸ ಇಷ್ಟೇ: ಮೆಸಾನ್ ಎಂಬ, ಪರಮಾಣುವಿನೊಳಗಿನ ಲೋಕದ ಎರಡು ಭಾರವಾದ ಕಣಗಳ ನಡುವೆ ಸೆಳೆತವಿದೆಯೇ, ಇದ್ದರೆ ಅವು ಅಂಟಿಕೊಳ್ಳುತ್ತವೆಯೇ ಎಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುವುದು. ಅದಕ್ಕಾಗಿ ಜಾಗವನ್ನು ಚೌಕಾಬಾರದ ಹಾಗೆ ಮನೆಮನೆಯಾಗಿ ಕತ್ತರಿಸಿ, ಒಂದೊಂದು ಬದಿಗೆ ಮೂವತ್ತೆರಡು ಮನೆಯ ಪೆಟ್ಟಿಗೆ ಮಾಡಿಕೊಂಡಿದ್ದೆವು. ಆ ಪೆಟ್ಟಿಗೆಗೆ ಗೋಡೆಯಿಲ್ಲ. ಬಲಗಡೆಯಿಂದ ಹೊರಟದ್ದು ಎಡಗಡೆಯಿಂದ ಮತ್ತೆ ಒಳಗೇ ಬರುತ್ತದೆ. ನನ್ನ ಪಾಡೂ ಅದೇ ಆಗಿತ್ತು.

ಊರಲ್ಲಿ ಗಂಡ, ಏಳು ವರ್ಷದ ಮಗಳು. ಯಾವಾಗ ಬರುತ್ತೀ ಎಂದು ಫೋನಿನಲ್ಲಿ ಪ್ರಾಣ ತಿನ್ನುತ್ತಿದ್ದವಳಿಗೆ, ನನ್ನ ಎರಡು ಕಣಗಳು ಸೇರಿದ ದಿನ ಬರುತ್ತೇನೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ಈ ವರ್ಷ ಅವು ಸೇರಿದವು. ಪ್ರಬಂಧ ಸೋಮವಾರ ಸಲ್ಲಿಸುವುದಿತ್ತು, ಬುಧವಾರಕ್ಕೆ ರೈಲಿನ ಟಿಕೆಟ್ಟೂ ಆಗಿತ್ತು. ಮಗಳಿಗೆ ಮಾತ್ರ ಹೇಳಿರಲಿಲ್ಲ, ಇದ್ದಕ್ಕಿದ್ದಂತೆ ಹೋಗಿ ಬಾಗಿಲಲ್ಲಿ ನಿಲ್ಲೋಣವೆಂದು.

ಕೆಡಿಸಿದ್ದು ನನ್ನ ಜಿಪುಣತನ. ನಮಗೆ ಕೊಟ್ಟ ಕಂಪ್ಯೂಟರ್ ಸಮಯವನ್ನು ತಿಂಗಳೊಳಗೆ ಬಳಸದಿದ್ದರೆ ರದ್ದು ಮಾಡುತ್ತಾರೆ. ಒಂದಿಷ್ಟು ಗಂಟೆ ಉಳಿದಿತ್ತು. ಸುಮ್ಮನೆ ಹಾಳಾಗುವುದೇಕೆಂದು, ಪಕ್ಕದ ಗುಂಪಿನವರು ಮಾಡಿಟ್ಟಿದ್ದ ನಲವತ್ತೆಂಟು ಮನೆಯ ಪೆಟ್ಟಿಗೆಯಲ್ಲಿ ಅದೇ ಲೆಕ್ಕ ಓಡಿಸಿದೆ. ಬೇಡದ ಉಸಾಬರಿ. ದೊಡ್ಡ ಪೆಟ್ಟಿಗೆಯಲ್ಲಿ ಮೆಸಾನ್‌ಗಳು ಅಂಟಿಕೊಳ್ಳಲೇ ಇಲ್ಲ. ಸೆಳೆತವೇನೋ ಇತ್ತು, ಕೂಡಿಸುವಷ್ಟಿರಲಿಲ್ಲ. ಸಣ್ಣ ಪೆಟ್ಟಿಗೆಯಲ್ಲಿ ಒಂದು ಇನ್ನೊಂದನ್ನು ಎದುರಿನಿಂದಲೂ ಎಳೆಯುತ್ತಿತ್ತು, ಸುತ್ತಿ ಬಂದು ಬೆನ್ನ ಹಿಂದಿನಿಂದಲೂ ಎಳೆಯುತ್ತಿತ್ತು. ಎರಡನ್ನೂ ಸೇರಿಸಿ ಒಂದೇ ಸೆಳೆತವೆಂದು ನಾವು ಬೀಗಿದ್ದೆವು. ಮೂರು ಸಲ ನೋಡಿದೆ. ಮೂರು ಸಲವೂ ಅದೇ ಉತ್ತರ.

ಗೈಡ್ ಮುಂದೆ ಗ್ರಾಫ್ ಇಟ್ಟೆ. ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿದರು.

“ಇದನ್ನ ಮಾಡು ಅಂತ ನಿಂಗೆ ಯಾರಮ್ಮ ಹೇಳಿದ್ದು?”

“ಯಾರೂ ಹೇಳಿಲ್ಲ ಸರ್. ಗಂಟೆಗಳು ಹಾಳಾಗ್ತಿದ್ವು.”

ದೊಡ್ಡ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಲು ಎರಡು ವರ್ಷ ಹಿಡಿಯುತ್ತದೆ ಎಂದರು. ಬೇಕಾದರೆ ಈ ಗ್ರಾಫನ್ನು ತಾವು ನೋಡಿಯೇ ಇಲ್ಲವೆಂದುಕೊಂಡು ಪ್ರಬಂಧಕ್ಕೆ ಸಹಿ ಹಾಕುವುದಾಗಿಯೂ, ನಾಳೆಯೊಳಗೆ ನಾನೇ ತೀರ್ಮಾನಿಸಬೇಕೆಂದೂ ಹೇಳಿದರು. ಮನುಷ್ಯ ಕೆಟ್ಟವರಲ್ಲ, ಅದೇ ಕಷ್ಟ.

ಕೋಣೆಗೆ ಬಂದು ಆ ಫೈಲನ್ನೇ ನೋಡುತ್ತಾ ಕೂತೆ. ಅಳಿಸಿದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಅಷ್ಟರಲ್ಲಿ ಮನೆಯಿಂದ ಫೋನ್. ಮಗಳು ಶಾಲೆಯ ಪುರಾಣವೆಲ್ಲ ಮುಗಿಸಿ, ದಿನವೂ ಕೇಳುವುದನ್ನೇ ಕೇಳಿದಳು.

“ಅಮ್ಮ, ನಿನ್ನ ಕಣಗಳು ಸೇರಿದ್ವಾ?”

ಹೂಂ ಎಂದುಬಿಟ್ಟರೆ ಗುರುವಾರ ಅವಳು ನನ್ನ ತೊಡೆಯ ಮೇಲಿರುತ್ತಾಳೆ. ಬಾಯಿ ತೆರೆದೆ. ಪರೀಕ್ಷಕರಿಗೆ ಹೇಳಲು ಸಿದ್ಧವಾಗಿದ್ದ ಸುಳ್ಳನ್ನು ಅವಳಿಗೆ ಹೇಳಲಾಗಲಿಲ್ಲ.

“ಇಲ್ಲ ಪುಟ್ಟಿ. ಸೇರಿಲ್ಲ.”

ನನಗೇ ಸಮಾಧಾನ ಹೇಳುವವಳ ಹಾಗೆ ಅಂದಳು: “ಹೋಗ್ಲಿ ಬಿಡಮ್ಮ. ಅವಕ್ಕೆ ಇಷ್ಟ ಇಲ್ಲ ಅಂದ್ರೆ ಬಲವಂತ ಮಾಡ್ಬೇಡ. ನೀನು ಸುಮ್ನೆ ಬಂದ್ಬಿಡು.”

ಫೋನಿಟ್ಟೆ. ನಾಳೆಯಿಂದಲೇ ದೊಡ್ಡ ಪೆಟ್ಟಿಗೆಯಲ್ಲಿ ಮೊದಲಿನಿಂದ ಶುರುಮಾಡುತ್ತೇನೆಂದು ಬರೆದು ಫೈಲನ್ನು ಗೈಡಿಗೆ ಕಳಿಸಿ, ಟಿಕೆಟ್ ರದ್ದು ಮಾಡಿದೆ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.